ಗೋಡೆಯೊಳಗಿನ ತಂತಿ, ಮಹಡಿಯ ಮೇಲಿನ ಪಾಠ

ರೂಟರ್ ಕೆಳಗೆ ಹಜಾರದಲ್ಲಿ. ಓದುವ ಕೋಣೆ ಮಹಡಿಯ ಮೇಲೆ. ನಡುವೆ ಕಬ್ಬಿಣದ ಸರಳು ಹೆಣೆದು ಕಾಂಕ್ರೀಟ್ ಸುರಿದ ತಾರಸಿ. ವೈಫೈ ಅಲೆಗಳು ಈ ತಾರಸಿಯನ್ನು ದಾಟುವ ಹೊತ್ತಿಗೆ ಸೊರಗಿ ಹೋಗಿರುತ್ತವೆ. ಮೇಲೆ ಕುಳಿತ ಪಿಯುಸಿ ಹುಡುಗನ ಪರದೆಯಲ್ಲಿ ಮೇಷ್ಟರ ಬಾಯಿ ಆಡುತ್ತದೆ, ಮಾತು ಕೇಳಿಸುವುದಿಲ್ಲ. ಮಾತು ಕೇಳಿಸಿದರೆ ಬೋರ್ಡಿನ ಮೇಲಿನ ಸಮೀಕರಣ ಮುಂದಕ್ಕೆ ಹೋಗುವುದಿಲ್ಲ. ಇಂಥ ಮನೆಗಳಿಗೆಂದೇ ಮಾರುಕಟ್ಟೆಯಲ್ಲಿ ಒಂದು ಜೋಡಿ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ಹೆಸರು ಪವರ್‌ಲೈನ್ ಅಡಾಪ್ಟರ್. ಒಂದನ್ನು ರೂಟರ್ ಪಕ್ಕದ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿ, ಒಂದು ಗೇಣು ಕೇಬಲಿನಿಂದ ರೂಟರಿಗೆ ಜೋಡಿಸುವುದು. ಇನ್ನೊಂದನ್ನು ಮೇಲಿನ ಕೋಣೆಯ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸುವುದು. ಗೋಡೆಯೊಳಗೆ ಕರೆಂಟು ಹರಿಯುವ ತಂತಿಯಲ್ಲೇ ಇಂಟರ್‌ನೆಟ್ಟೂ ಹರಿದು ಬರುತ್ತದೆ. ಗೋಡೆ ಕೊರೆಯಬೇಕಿಲ್ಲ, ಹೊಸ ತಂತಿ ಎಳೆಯಬೇಕಿಲ್ಲ.

ಉಪಾಯವೇನೋ ಚೆನ್ನಾಗಿದೆ. ಆದರೆ ತಂದು ಹಾಕಿದ ಮೇಲೆ ಹಲವು ಮನೆಗಳಲ್ಲಿ ಹೊಸ ಗೋಳು ಶುರುವಾಗುತ್ತದೆ. ಪೆಟ್ಟಿಗೆಯ ಮೇಲೆ 600 ಎಂದು ದಪ್ಪಕ್ಷರದಲ್ಲಿ ಬರೆದಿದೆ; ಅಳೆದು ನೋಡಿದರೆ ಇಪ್ಪತ್ತೂ ಬರುತ್ತಿಲ್ಲ. ಬೆಳಿಗ್ಗೆ ಸರಿ ಇದ್ದದ್ದು ಸಂಜೆ ಕುಂಟುತ್ತದೆ. ‘ಮತ್ತೆ ಮ್ಯಾಚ್ ನೋಡ್ತಿದ್ದೀಯೇನೋ?’ ಎಂದು ಕೆಳಗಿನಿಂದ ಅಮ್ಮ. ‘ಇಲ್ಲಮ್ಮ, ನೆಟ್ಟೇ ಬರ್ತಿಲ್ಲ’ ಎಂದು ಮೇಲಿನಿಂದ ಮಗ. ಅಂಗಡಿಯವರನ್ನು ಕೇಳಿದರೆ ‘1200ರದ್ದು ತಗೊಳ್ಳಿ ಸಾರ್’ ಎನ್ನುತ್ತಾರೆ. ಸಿಇಟಿ ಆಪ್ಷನ್ ಎಂಟ್ರಿಯ ಕೊನೆಯ ದಿನ ಹೀಗಾದರೆ ಗತಿಯೇನು ಎಂಬ ಆತಂಕದಲ್ಲಿ ಅಪ್ಪ ಜೇಬಿಗೆ ಕೈ ಹಾಕುತ್ತಾರೆ.

ಆ ಕೈಯನ್ನು ಸ್ವಲ್ಪ ತಡೆಯಿರಿ. ಇಂಥ ಹೆಚ್ಚಿನ ಪ್ರಕರಣಗಳಲ್ಲಿ ತಪ್ಪು ಮಗನದೂ ಅಲ್ಲ, ಪೆಟ್ಟಿಗೆಯದೂ ಅಲ್ಲ. ಎರಡು ಪೆಟ್ಟಿಗೆಗಳ ನಡುವೆ ಇರುವ, ಯಾರ ಕಣ್ಣಿಗೂ ಬೀಳದ ತಂತಿಯ ದಾರಿಯದು. ದುಡ್ಡು ಖರ್ಚು ಮಾಡದೆ, ಒಂದು ಭಾನುವಾರ, ಒಂದು ನೋಟ್‌ಬುಕ್ ಇಟ್ಟುಕೊಂಡು ಅದನ್ನು ಪತ್ತೆ ಮಾಡಬಹುದು. ಹೈಸ್ಕೂಲಿನ ವಿಜ್ಞಾನ ಸಾಕು.

ಒಂದೇ ತಂತಿ, ಎರಡು ಕೆಲಸ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಸಲ ಓಲಾಡುವ ವಿದ್ಯುತ್ತು. ಅಡಾಪ್ಟರು ಇದರ ಮೇಲೆ ತೀರಾ ಸಣ್ಣ ಶಕ್ತಿಯ, ಆದರೆ ತೀರಾ ಚುರುಕಾದ ಇನ್ನೊಂದು ಓಲಾಟವನ್ನು ಏರಿಸುತ್ತದೆ. ಅದರ ಕಂಪನಾಂಕ ಸುಮಾರು 2 ಮೆಗಾಹರ್ಟ್ಜ್‌ನಿಂದ 30 ಮೆಗಾಹರ್ಟ್ಜ್‌ವರೆಗೆ. ಅಂದರೆ ಕನಿಷ್ಠ ಎಂದರೂ ಸೆಕೆಂಡಿಗೆ 20 ಲಕ್ಷ ಸಲ. ಮನೆಯ ಕರೆಂಟಿಗಿಂತ 40 ಸಾವಿರ ಪಟ್ಟು ಚುರುಕು. ಅಂತರ ಇಷ್ಟಿರುವುದರಿಂದ ಆ ಕಡೆಯ ಅಡಾಪ್ಟರಿಗೆ ಎರಡನ್ನೂ ಬೇರ್ಪಡಿಸುವುದು ಸುಲಭ. ಫ್ಯಾನು ತನ್ನ ಪಾಡಿಗೆ ತಿರುಗುತ್ತದೆ, ಪಾಠ ತನ್ನ ಪಾಡಿಗೆ ಬರುತ್ತದೆ.

ಈ ಕಲ್ಪನೆ ತೀರಾ ಹೊಸದಲ್ಲ. ವಿದ್ಯುತ್ ಕೇಂದ್ರಗಳ ನಡುವಿನ ಹೈಟೆನ್ಷನ್ ತಂತಿಗಳ ಮೇಲೆ ಮಾತು ಮತ್ತು ಸಂಕೇತಗಳನ್ನು ಕಳಿಸುವ ಪದ್ಧತಿ ದಶಕಗಳಿಂದ ಇದೆ. ಊರಾಚೆಯ ದೊಡ್ಡ ವಿದ್ಯುತ್ ಉಪಕೇಂದ್ರದ ಪಕ್ಕ ಹಾದುಹೋಗುವಾಗ ನೋಡಿ. ಹಲವು ಕಡೆ ತಂತಿ ಒಳಬರುವ ಜಾಗದಲ್ಲಿ ಪೀಪಾಯಿಯಂಥ ಒಂದು ಸುರುಳಿ ತೂಗಾಡುತ್ತಿರುತ್ತದೆ. ಅದಕ್ಕೆ ‘ವೇವ್ ಟ್ರ್ಯಾಪ್’ ಎನ್ನುತ್ತಾರೆ. ಕರೆಂಟನ್ನು ಒಳಗೆ ಬಿಡುವುದು, ಸಂಕೇತದ ಅಲೆ ಉಪಕೇಂದ್ರದೊಳಕ್ಕೆ ನುಗ್ಗಿ ಪೋಲಾಗದಂತೆ ತಡೆಯುವುದು ಅದರ ಕೆಲಸ. ಈ ಸುರುಳಿಯನ್ನು ನೆನಪಿಟ್ಟುಕೊಳ್ಳಿ. ಇದರ ಚಿಕ್ಕ ತಮ್ಮನೊಬ್ಬ ನಿಮ್ಮ ಮನೆಯಲ್ಲೂ ಅಡಗಿ ಕುಳಿತಿರಬಹುದು.

ಮನೆಯ ತಂತಿಗೆ ಈ ವಿದ್ಯೆಯನ್ನು ಒಗ್ಗಿಸಲು 2000ದಲ್ಲಿ ಹಲವು ಕಂಪನಿಗಳು ಸೇರಿ ‘ಹೋಮ್‌ಪ್ಲಗ್’ ಎಂಬ ಒಕ್ಕೂಟ ಕಟ್ಟಿದವು. 2001ರ ಅವರ ಮೊದಲ ಮಾದರಿಯ ಗರಿಷ್ಠ ವೇಗ ಸೆಕೆಂಡಿಗೆ 14 ಮೆಗಾಬಿಟ್. 2005ರಲ್ಲಿ ‘ಹೋಮ್‌ಪ್ಲಗ್ ಎವಿ’ ಬಂದು ಅದು 200ಕ್ಕೆ ಏರಿತು. ಈ ಎವಿಯ ಗುಟ್ಟು ಸ್ವಾರಸ್ಯವಾಗಿದೆ. ಅದು ಇಡೀ ಮಾಹಿತಿಯನ್ನು ಒಂದೇ ಅಲೆಯ ಮೇಲೆ ಹೇರುವುದಿಲ್ಲ. ಸಾವಿರಕ್ಕೂ ಹೆಚ್ಚು ಕಿರುದಾರಿಗಳಲ್ಲಿ ಹಂಚುತ್ತದೆ. ಯಾವ ದಾರಿ ನುಣುಪಾಗಿದೆಯೋ ಅದರ ಗಾಡಿಗೆ ಹೆಚ್ಚು ಮೂಟೆ. ಯಾವ ದಾರಿಯಲ್ಲಿ ಗುಂಡಿ ಬಿದ್ದಿದೆಯೋ ಅದರ ಗಾಡಿಗೆ ಒಂದೇ ಮೂಟೆ, ಇಲ್ಲವೇ ಗಾಡಿಯೇ ಇಲ್ಲ. ಎರಡೂ ಅಡಾಪ್ಟರುಗಳು ಆಗಾಗ ಪರಸ್ಪರ ಮಾತಾಡಿಕೊಂಡು ದಾರಿಗಳ ಸ್ಥಿತಿಯನ್ನು ಪರೀಕ್ಷಿಸಿ, ಹೊರೆಯನ್ನು ಮರುಹಂಚಿಕೆ ಮಾಡುತ್ತಲೇ ಇರುತ್ತವೆ. ಆದ್ದರಿಂದಲೇ ಪವರ್‌ಲೈನ್ ಜಾಲ ಸಾಮಾನ್ಯವಾಗಿ ಒಮ್ಮೆಗೇ ಸತ್ತುಹೋಗುವುದಿಲ್ಲ; ನಿಧಾನವಾಗುತ್ತದೆ. ನಿಧಾನವೆಂದರೆ ಎಲ್ಲೋ ಗುಂಡಿ ಬಿದ್ದಿದೆ ಎಂದರ್ಥ.

ಪೆಟ್ಟಿಗೆಯ ಮೇಲಿನ ಅಂಕಿ

ಬಸ್ಸಿನ ಸ್ಪೀಡೋಮೀಟರಿನಲ್ಲಿ 120ರವರೆಗೆ ಅಂಕಿ ಬರೆದಿರುತ್ತದೆ. ಹಾಗೆಂದು ಶಿರಾಡಿ ಘಾಟಿಯಲ್ಲಿ ಬಸ್ಸು 120ರಲ್ಲಿ ಓಡಲಿ ಎಂದು ಯಾರೂ ಕಂಡಕ್ಟರ್ ಜೊತೆ ಜಗಳವಾಡುವುದಿಲ್ಲ. ಅಡಾಪ್ಟರಿನ 600, 1200 ಎಂಬ ಅಂಕಿಗಳೂ ಅಂಥವೇ. ಎಲ್ಲ ಕಿರುದಾರಿಗಳೂ ನುಣುಪಾಗಿದ್ದರೆ ತಂತಿಯ ಮೇಲೆ ಹರಿಯಬಹುದಾದ ಕಚ್ಚಾ ವೇಗ ಅದು. ತಪ್ಪು ತಿದ್ದುವುದಕ್ಕೆ, ವಿಳಾಸ ಬರೆಯುವುದಕ್ಕೆ, ಸರದಿ ಕಾಯುವುದಕ್ಕೆ ಅದರಲ್ಲೊಂದು ದೊಡ್ಡ ಪಾಲು ಹೋಗುತ್ತದೆ. ಒಂದೇ ತಂತಿಯಾದ್ದರಿಂದ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಹೋಗುವುದು, ಬರುವುದು ಎರಡಕ್ಕೂ ಅದೇ ದಾರಿ. ಮನೆಯಲ್ಲಿ ಮೂರು ಅಡಾಪ್ಟರುಗಳಿದ್ದರೆ ಮೂರೂ ಅದನ್ನೇ ಹಂಚಿಕೊಳ್ಳಬೇಕು. ಹೀಗಾಗಿ ಒಳ್ಳೆಯ ಮನೆಯಲ್ಲೂ ಪೆಟ್ಟಿಗೆಯ ಅಂಕಿಯ ಅರ್ಧ ಸಿಗುವುದು ಕಷ್ಟ.

ಇನ್ನೊಂದು ಸಣ್ಣ ಅಕ್ಷರದ ಸಂಗತಿಯಿದೆ. 500, 600 ಎಂದು ಮಾರಾಟವಾದ ಎಷ್ಟೋ ಅಡಾಪ್ಟರುಗಳಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿ ಸೆಕೆಂಡಿಗೆ 100 ಮೆಗಾಬಿಟ್ ಮೀರದ ಹಳೆಯ ಬಗೆಯದು. ಹೆಬ್ಬಾಗಿಲು ದೊಡ್ಡದಿದ್ದು ಹಿತ್ತಿಲ ಬಾಗಿಲು ಚಿಕ್ಕದಿದ್ದಂತೆ. ಕೊಳ್ಳುವ ಮುನ್ನ ಕಿಂಡಿಯ ವೇಗವನ್ನೂ ಓದಿ.

ಹೆಚ್ಚಿನ ಅಂಕಿಯ ಹೊಸ ಅಡಾಪ್ಟರು ಕೊಂಡರೆ ದೂರದ ಕೋಣೆಯ ತೊಂದರೆ ತೀರುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2012ರ ನಂತರದ ‘ಎವಿ2’ ಮಾದರಿಗಳು 30 ಮೆಗಾಹರ್ಟ್ಜ್ ದಾಟಿ 86ರವರೆಗೆ, ಅಂದರೆ ಎಫ್‌ಎಂ ರೇಡಿಯೋದ ಹೊಸ್ತಿಲವರೆಗೆ ಹೋಗುತ್ತವೆ. ಹೊಸ ವೇಗದ ದೊಡ್ಡ ಪಾಲು ಈ ಮೇಲಿನ ದಾರಿಗಳಿಂದ ಬಂದದ್ದು. ಆದರೆ ಕಂಪನಾಂಕ ಹೆಚ್ಚಿದಷ್ಟೂ ಅಲೆ ತಂತಿಯಲ್ಲಿ ಬೇಗ ಸೊರಗುತ್ತದೆ. ಪಕ್ಕದ ಕೋಣೆಗೆ ಅದು ವರ. ದೂರದ ಕೋಣೆಯವರೆಗೆ ಉಳಿದು ಬರುವುದು ಮತ್ತದೇ ಕೆಳಗಿನ ದಾರಿಗಳೇ.

ಇಷ್ಟಕ್ಕೂ ಮಕ್ಕಳಿಗೆ ಬೇಕಾದದ್ದೆಷ್ಟು? ಒಂದು ವಿಡಿಯೋ ಪಾಠಕ್ಕೆ ಸೆಕೆಂಡಿಗೆ ಮೂರು ನಾಲ್ಕು ಮೆಗಾಬಿಟ್ ತಡೆಯಿಲ್ಲದೆ ಬಂದರೆ ಸಾಕು. ‘ತಡೆಯಿಲ್ಲದೆ’ ಎಂಬುದೇ ಇಲ್ಲಿ ಮುಖ್ಯ. ಸರಾಸರಿ 50 ಇದ್ದು ನಿಮಿಷಕ್ಕೊಮ್ಮೆ ಎರಡು ಸೆಕೆಂಡು ನಿಂತುಹೋಗುವ ಜಾಲಕ್ಕಿಂತ, ಒಂದೇ ಸಮನೆ 10 ಕೊಡುವ ಜಾಲ ಪಾಠಕ್ಕೆ ಮೇಲು.

ಮೊದಲು ಅಳೆಯಿರಿ

ಈಗ ನೋಟ್‌ಬುಕ್ ತೆಗೆಯಿರಿ. ಮೂರು ಅಳತೆ ಬೇಕು. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ, ವೈಫೈ ಆರಿಸಿಡಿ. ಲ್ಯಾಪ್‌ಟಾಪಿನ ಚಾರ್ಜರ್ ಕೂಡ ಆರೋಪಿಗಳಲ್ಲೊಬ್ಬ. ಅವನನ್ನು ದೂರವಿಟ್ಟೇ ತನಿಖೆ ಮಾಡೋಣ.

ಒಂದನೆಯದು: ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ ಇಂಟರ್‌ನೆಟ್ ವೇಗ ಅಳೆಯಿರಿ. ಎರಡನೆಯದು: ಎರಡೂ ಅಡಾಪ್ಟರುಗಳನ್ನು ರೂಟರ್ ಇರುವ ಕೋಣೆಯಲ್ಲೇ, ಗೋಡೆಯ ಎರಡು ಪ್ಲಗ್ ಪಾಯಿಂಟುಗಳಿಗೆ ಹಾಕಿ, ಅವುಗಳ ಮೂಲಕ ಅಳೆಯಿರಿ. ಮೂರನೆಯದು: ಒಂದು ಅಡಾಪ್ಟರನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಓದುವ ಕೋಣೆಗೆ ಒಯ್ದು ಅಳೆಯಿರಿ. ಪ್ರತಿಯೊಂದನ್ನೂ ಮೂರು ಮೂರು ಸಲ ಮಾಡಿ, ಹೊತ್ತಿನ ಸಮೇತ ಬರೆದಿಡಿ.

ಒಂದನೆಯ ಅಳತೆಯೇ ಕಡಿಮೆ ಬಂದರೆ ತೊಂದರೆ ಇಂಟರ್‌ನೆಟ್ ಕೊಡುವವರಲ್ಲಿ ಅಥವಾ ನೀವು ಕಟ್ಟುತ್ತಿರುವ ಪ್ಲಾನಿನಲ್ಲಿದೆ. ಸೆಕೆಂಡಿಗೆ 40 ಮೆಗಾಬಿಟ್ಟಿನ ಪ್ಲಾನು ಹಾಕಿಸಿಕೊಂಡವರಿಗೆ ಯಾವ ಅಡಾಪ್ಟರೂ 41 ಕೊಡಲಾರದು. ಒಂದನೆಯದು ಸರಿಯಿದ್ದು ಎರಡನೆಯದು ಕಡಿಮೆಯಾದರೆ ಅಡಾಪ್ಟರನ್ನೋ ಕೇಬಲನ್ನೋ ಸಂದೇಹಿಸಿ. ಕೇಬಲ್ ಬದಲಿಸಿ ನೋಡುವುದು ಅಗ್ಗದ ಪರೀಕ್ಷೆ. ಒಂದು, ಎರಡು ಸರಿಯಿದ್ದು ಮೂರನೆಯದು ಮಾತ್ರ ಬಿದ್ದುಹೋದರೆ ದೋಷ ಗೋಡೆಯೊಳಗಿನ ದಾರಿಯಲ್ಲಿದೆ. ಈ ಮೂರು ಸಾಲು ಬರೆಯುವುದಕ್ಕೆ ಮುಂಚೆ ಏನನ್ನೂ ಕೊಳ್ಳುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಇಲ್ಲಿ ಎರಡು ಎಚ್ಚರಿಕೆ. ವೇಗ ಅಳೆಯುವ ತಾಣಗಳು ತೋರಿಸುವುದು ಮೆಗಾಬಿಟ್; ಕಡತ ಇಳಿಸಿಕೊಳ್ಳುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್ಟಿಗೆ ಒಂದು ಬೈಟ್. 40 ಮೆಗಾಬಿಟ್ ಎಂದರೆ ಸೆಕೆಂಡಿಗೆ 5 ಮೆಗಾಬೈಟ್, 100 ಮೆಗಾಬೈಟಿನ ಕಡತಕ್ಕೆ 20 ಸೆಕೆಂಡು. ಇವೆರಡನ್ನು ಬೆರೆಸಿಕೊಂಡು ವೇಗ ಎಂಟನೇ ಒಂದಕ್ಕೆ ಇಳಿಯಿತೆಂದು ದೂರುವವರಿದ್ದಾರೆ. ಎರಡನೆಯದಾಗಿ, ಪಾಠ ತಡೆತಡೆದು ಬರುತ್ತಿದ್ದರೆ ವೇಗದ ಜೊತೆಗೆ ‘ಪಿಂಗ್’ ನೋಡಿ. ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ ಪಿಂಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಮುಂದೆ ರೂಟರಿನ ವಿಳಾಸ ಕೊಡಿ. ಬಹಳ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಕೂಗಿದ್ದಕ್ಕೆ ರೂಟರ್ ‘ಓ’ ಎನ್ನಲು ಎಷ್ಟು ಮಿಲಿಸೆಕೆಂಡು ಬೇಕಾಯಿತು ಎಂಬುದನ್ನು ಅದು ಹೇಳುತ್ತದೆ. ಒಂದಂಕಿಯಲ್ಲಿದ್ದರೆ ಸೊಗಸು. ಒಂದಂಕಿಯಿಂದ ಇದ್ದಕ್ಕಿದ್ದಂತೆ ನೂರು, ಇನ್ನೂರಕ್ಕೆ ಹಾರಿದರೆ ಆ ಗಳಿಗೆಯಲ್ಲಿ ಮನೆಯಲ್ಲಿ ಯಾರು ಯಾವ ಸ್ವಿಚ್ ಒತ್ತಿದರು ಎಂದು ವಿಚಾರಿಸಿ.

ಸ್ಪೈಕ್ ಗಾರ್ಡ್ ಎಂಬ ಹಿತಶತ್ರು

ಗೋಡೆಯ ದಾರಿಯದೇ ದೋಷ ಎಂದು ಖಚಿತವಾದರೆ ಮೊದಲು ನೋಡಬೇಕಾದದ್ದು ಅಡಾಪ್ಟರನ್ನು ಯಾವುದಕ್ಕೆ ಸಿಕ್ಕಿಸಿದ್ದೀರಿ ಎಂಬುದನ್ನು. ಕಂಪ್ಯೂಟರ್ ಮೇಜಿನ ಕೆಳಗೆ ಆರು ತೂತಿನ ಎಕ್ಸ್‌ಟೆನ್ಷನ್ ಬೋರ್ಡ್ ಇರುತ್ತದೆ. ಮಾನಿಟರ್, ಪ್ರಿಂಟರ್, ಫೋನ್ ಚಾರ್ಜರ್‌ಗಳ ಜೊತೆ ಅಡಾಪ್ಟರೂ ಅಲ್ಲೇ. ಆ ಬೋರ್ಡು ಸ್ಪೈಕ್ ಗಾರ್ಡ್ ಬಗೆಯದಾದರೆ ಅದೇ ನಾನು ಮೊದಲು ಹೇಳಿದ ವೇವ್ ಟ್ರ್ಯಾಪಿನ ಚಿಕ್ಕ ತಮ್ಮ. ಕರೆಂಟಿನಲ್ಲಿ ಒಮ್ಮೆಗೇ ಏಳುವ ಚುರುಕಾದ ಅಲೆಗಳನ್ನು ಹೀರಿಕೊಂಡು ಕಂಪ್ಯೂಟರನ್ನು ಕಾಪಾಡುವುದು ಅದರ ಧರ್ಮ. ನಮ್ಮ ಪಾಠ ಬರುವುದೂ ಚುರುಕಾದ ಅಲೆಯ ಮೇಲೆಯೇ! ಅದು ಕಳ್ಳನನ್ನೂ ನೆಂಟನನ್ನೂ ಒಂದೇ ಕೋಲಿನಿಂದ ಬಡಿಯುತ್ತದೆ.

ಆದ್ದರಿಂದ ಅಡಾಪ್ಟರು ಯಾವಾಗಲೂ ನೇರವಾಗಿ ಗೋಡೆಯ ಪ್ಲಗ್ ಪಾಯಿಂಟಿನಲ್ಲೇ ಇರಲಿ. ಎರಡೂ ಕಡೆ. ಸಾಧಾರಣ ಎಕ್ಸ್‌ಟೆನ್ಷನ್ ಬೋರ್ಡು ಅಲೆಯನ್ನು ಹೀರದಿದ್ದರೂ, ಸಡಿಲ ಕಿಂಡಿಗಳಿಂದ ಮತ್ತು ಪಕ್ಕದಲ್ಲೇ ಗುಂಪುಗೂಡಿದ ಚಾರ್ಜರ್‌ಗಳಿಂದ ಕೆಡುಕೇ ಹೆಚ್ಚು. ಈ ಒಂದು ಬದಲಾವಣೆ ಮಾಡಿ ಮತ್ತೆ ಅಳೆಯಿರಿ. ಎಷ್ಟೋ ಮನೆಗಳ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಸ್ಪೈಕ್ ಗಾರ್ಡನ್ನು ಎಸೆಯಬೇಡಿ. ಅದರ ಗುಣವನ್ನೇ ಉಪಯೋಗಿಸಿಕೊಳ್ಳಿ. ಅಡಾಪ್ಟರನ್ನು ಗೋಡೆಗೂ, ಚಾರ್ಜರ್‌ಗಳನ್ನೆಲ್ಲ ಸ್ಪೈಕ್ ಗಾರ್ಡಿಗೂ ಹಾಕಿದರೆ ಚಾರ್ಜರ್‌ಗಳು ಎಬ್ಬಿಸುವ ಗದ್ದಲದ ಒಂದಷ್ಟು ಭಾಗ ಅಲ್ಲೇ ಇಂಗಿಹೋಗುತ್ತದೆ. ಕೆಲವು ಅಡಾಪ್ಟರುಗಳ ಮುಖದ ಮೇಲೆಯೇ ಒಂದು ಸಾಕೆಟ್ ಇರುತ್ತದೆ. ಅದರೊಳಗೆ ಶೋಧಕ ಅಳವಡಿಸಿರುತ್ತಾರೆ. ಎಕ್ಸ್‌ಟೆನ್ಷನ್ ಬೋರ್ಡನ್ನು ಆ ಸಾಕೆಟ್ಟಿಗೆ ಹಾಕುವುದು ಇನ್ನೂ ಒಳ್ಳೆಯದು.

ಗದ್ದಲಗಾರರು ಯಾರು?

ಶಾರ್ಟ್‌ವೇವ್ ರೇಡಿಯೋ ಕೇಳಿ ಬೆಳೆದ ಅಪ್ಪ ಅಮ್ಮಂದಿರಿಗೆ ಇದನ್ನು ವಿವರಿಸಬೇಕಿಲ್ಲ. ವಾರ್ತೆಯ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ರೇಡಿಯೋದಲ್ಲಿ ಬರೀ ಗರಗರ. ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಜ್. ಅಡಾಪ್ಟರು ಬಳಸುವುದೂ ಹೆಚ್ಚುಕಡಿಮೆ ಅದೇ ಪಟ್ಟಿ. ಅಂದು ವಾರ್ತೆ ಕೆಡಿಸುತ್ತಿದ್ದ ಮಿಕ್ಸಿ ಇಂದು ಪಾಠ ಕೆಡಿಸುತ್ತದೆ, ಅಷ್ಟೇ. ಮಿಕ್ಸಿಯ ಮೋಟಾರಿನಲ್ಲಿ ಕಾರ್ಬನ್ ಬ್ರಷ್ಷುಗಳು ಉಜ್ಜುತ್ತಾ ಕಿಡಿ ಕಾರುತ್ತವೆ. ಆ ಕಿಡಿಗಳೇ ಗದ್ದಲ. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರಿನದು ಸಾಮಾನ್ಯವಾಗಿ ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರು. ಕಿವಿಗೆ ಎಷ್ಟೇ ಸದ್ದು ಮಾಡಿದರೂ ತಂತಿಗೆ ಅದು ಸಾಧು.

ಮಿಕ್ಸಿ ಐದು ನಿಮಿಷದ ಅತಿಥಿ. ದಿನವಿಡೀ ಕಾಡುವವರು ಬೇರೆ. ಅಗ್ಗದ ಫೋನ್ ಚಾರ್ಜರ್‌ಗಳು, ಅಗ್ಗದ ಎಲ್‌ಇಡಿ ಬಲ್ಬುಗಳು, ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್‌ಗಳು ಇವರಲ್ಲಿ ಮುಖ್ಯರು. ಇವುಗಳೊಳಗಿನ ವಿದ್ಯುನ್ಮಾನ ಭಾಗಗಳು ಕರೆಂಟನ್ನು ಕ್ಷಣಕ್ಷಣಕ್ಕೂ ಕತ್ತರಿಸುತ್ತಿರುತ್ತವೆ. ಗದ್ದಲ ತಡೆಯುವ ಬಿಡಿಭಾಗಗಳನ್ನು ತಯಾರಕರು ಉಳಿತಾಯದ ಹೆಸರಲ್ಲಿ ಕೈಬಿಟ್ಟಿದ್ದರೆ ಆ ಗದ್ದಲ ತಂತಿಗೆ ಇಳಿಯುತ್ತದೆ. ಫ್ಯಾನಿನ ರೆಗ್ಯುಲೇಟರ್‌ಗಳಲ್ಲೂ ಎರಡು ಬಗೆ. ಟಕ್ ಟಕ್ ಎಂದು ಹೆಜ್ಜೆಹೆಜ್ಜೆಯಾಗಿ ತಿರುಗುವವು ಸಾಮಾನ್ಯವಾಗಿ ತಂಟೆ ಮಾಡುವುದಿಲ್ಲ. ಹೆಜ್ಜೆಗಳಿಲ್ಲದೆ ಸರಾಗವಾಗಿ ತಿರುಗುವ ಗುಂಡಿಯವನ್ನು ಸಂದೇಹಿಸಬೇಕು.

ಪತ್ತೆ ಮಾಡುವ ಕ್ರಮ ಸರಳ. ಎಲ್ಲ ಚಾರ್ಜರ್‌ಗಳನ್ನೂ ಸಾಕೆಟ್ಟಿನಿಂದ ಕಿತ್ತು, ಬೇಡದ ದೀಪಗಳನ್ನು ಆರಿಸಿ ಒಮ್ಮೆ ಅಳೆಯಿರಿ. ವೇಗ ಏರಿತೇ? ಹಾಗಾದರೆ ಒಂದೊಂದನ್ನೇ ಮರಳಿ ಹಾಕುತ್ತಾ, ಪ್ರತಿ ಸಲವೂ ಅಳೆಯುತ್ತಾ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ. ಪ್ರಯೋಗಾಲಯದಲ್ಲಿ ಮೇಷ್ಟರು ಹೇಳಿಕೊಡುವುದೂ ಇದನ್ನೇ ಅಲ್ಲವೇ? ಮಕ್ಕಳೇ ಇದನ್ನು ಮಾಡಲಿ, ಹಿರಿಯರು ಪಕ್ಕದಲ್ಲಿರಲಿ. ಐವತ್ತು ನೂರು ರೂಪಾಯಿಯ ಒಂದು ಚಾರ್ಜರ್ ಸಾವಿರಾರು ರೂಪಾಯಿಯ ಸಲಕರಣೆಯನ್ನು ಕುಂಟಿಸುತ್ತಿತ್ತೆಂದು ತಿಳಿದಾಗ ಸಿಗುವ ಆನಂದ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಫೇಸು, ಇನ್ವರ್ಟರು

ಓದುವ ಕೋಣೆ ರೂಟರಿನ ನೆತ್ತಿಯ ಮೇಲೆಯೇ ಇರಬಹುದು, ಅಂತರ ಹತ್ತೇ ಅಡಿ ಇರಬಹುದು. ತಂತಿಗೆ ಅದು ಲೆಕ್ಕವಿಲ್ಲ. ಅದು ಕೆಳಗಿನ ಕೋಣೆಯಿಂದ ಹೊರಟು ಮೀಟರ್ ಬೋರ್ಡಿನ ಬಳಿಯ ಎಂಸಿಬಿ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಮತ್ತೊಂದು ಕವಲಾಗಿ ಮೇಲೆ ಹತ್ತುತ್ತದೆ. ಒಟ್ಟು ನೂರಡಿಯೂ ಆಗಬಹುದು. ದಾರಿಯಲ್ಲಿನ ಪ್ರತಿ ಕವಲು, ಪ್ರತಿ ಗಂಟು ಅಲೆಯ ಒಂದಂಶವನ್ನು ಹಿಂದಕ್ಕೆ ಎಸೆಯುತ್ತದೆ, ಬಾವಿಯೊಳಗೆ ಕೂಗಿದ ಮಾತು ಮರಳಿ ಬಂದು ಹೊಸ ಮಾತಿನೊಡನೆ ಕಲಸಿಹೋದಂತೆ. ಅದಕ್ಕೇ ಒಂದೇ ಕೋಣೆಯ ಎರಡು ಗೋಡೆಗಳ ಪ್ಲಗ್ ಪಾಯಿಂಟುಗಳು ಬೇರೆ ಬೇರೆ ವೇಗ ಕೊಡುವುದುಂಟು. ಕೋಣೆಯ ಎಲ್ಲ ಪಾಯಿಂಟುಗಳಲ್ಲೂ ಅಳೆದು ನೋಡಿ. ಹಲವು ಅಡಾಪ್ಟರುಗಳಲ್ಲಿ ಕೊಂಡಿಯ ಗುಣಮಟ್ಟ ತೋರಿಸುವ ಹಸಿರು, ಹಳದಿ, ಕೆಂಪು ದೀಪವೇ ಇರುತ್ತದೆ. ಹುಡುಕಾಟಕ್ಕೆ ಅದೂ ಸಹಾಯಕ.

ನಿಮ್ಮ ಮನೆಗೆ ಮೂರು ಫೇಸಿನ ಸಂಪರ್ಕ ಇದೆಯೇ? ಹಾಗಿದ್ದರೆ ಕೆಳಗಿನ ಕೋಣೆ ಒಂದು ಫೇಸಿನಲ್ಲಿ, ಮೇಲಿನ ಕೋಣೆ ಇನ್ನೊಂದರಲ್ಲಿ ಇರಬಹುದು. ಆಗ ಅಲೆಗೆ ನೇರ ದಾರಿಯಿಲ್ಲ. ಪಕ್ಕಪಕ್ಕ ಸಾಗುವ ತಂತಿಗಳ ನಡುವೆ ಸೋರಿ ದಾಟುವ ಒಂದಿಷ್ಟನ್ನೇ ನೆಚ್ಚಿಕೊಳ್ಳಬೇಕು. ಯಾವ ಕೋಣೆ ಯಾವ ಫೇಸು ಎಂದು ತಿಳಿಯಲು ನಮ್ಮ ಊರುಗಳಲ್ಲಿ ಪುಕ್ಕಟೆ ಪರೀಕ್ಷೆಯೊಂದಿದೆ. ‘ಒಂದು ಫೇಸ್ ಹೋಗಿದೆ’ ಎಂದು ಅರ್ಧ ಮನೆ ಕತ್ತಲಾಗುತ್ತದಲ್ಲ, ಆಗ ಯಾವ ಯಾವ ಕೋಣೆಗಳು ಒಟ್ಟಿಗೆ ಆರಿದವು ಎಂದು ಬರೆದಿಟ್ಟುಕೊಳ್ಳಿ. ಒಟ್ಟಿಗೆ ಆರುವವು ಒಂದೇ ಫೇಸಿನವು. ರೂಟರನ್ನು ಓದುವ ಕೋಣೆಯ ಫೇಸಿನ ಪಾಯಿಂಟಿಗೆ ಸ್ಥಳಾಂತರಿಸಲು ಸಾಧ್ಯವೇ ನೋಡಿ. ಕೋಣೆಯ ಫೇಸನ್ನೇ ಬದಲಿಸಬೇಕೆಂದರೆ ಅದು ಎಲೆಕ್ಟ್ರಿಷಿಯನ್ ಕೆಲಸ, ನಿಮ್ಮದಲ್ಲ.

ಇನ್ವರ್ಟರಿನದೂ ಇಂಥದೇ ಕಥೆ. ಕರೆಂಟು ಹೋದಾಗ ನೆಟ್ ನಿಲ್ಲಬಾರದೆಂದು ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿರುತ್ತೀರಿ, ಅಡಾಪ್ಟರೂ ಅದರ ಪಕ್ಕದಲ್ಲೇ. ಮೇಲಿನ ಅಡಾಪ್ಟರು ಮಾಮೂಲಿ ಲೈನಿನಲ್ಲಿ. ಆಗ ಪಾಠದ ಅಲೆ ಇನ್ವರ್ಟರ್ ಪೆಟ್ಟಿಗೆಯನ್ನು ಹಾದು ಬರಬೇಕು. ಅದರೊಳಗಿನ ಶೋಧಕಗಳು ಅಲೆಯನ್ನು ನುಂಗಬಹುದು. ಇನ್ನು ಕರೆಂಟು ಹೋದರೆ ಮೇಲಿನ ಅಡಾಪ್ಟರೇ ಆರಿಹೋಗುತ್ತದೆ. ಎರಡೂ ಅಡಾಪ್ಟರುಗಳು ಒಂದೇ ಲೈನಿನಲ್ಲಿರಲಿ. ಎರಡೂ ಇನ್ವರ್ಟರಿನದು, ಇಲ್ಲವೇ ಎರಡೂ ಮಾಮೂಲಿನದು. ಬ್ಯಾಟರಿಯಿಂದ ನಡೆಯುವಾಗ ಅಗ್ಗದ ಇನ್ವರ್ಟರುಗಳು ತಾವೇ ಸಾಕಷ್ಟು ಗದ್ದಲ ಮಾಡುತ್ತವೆ ಎಂಬುದೂ ನೆನಪಿರಲಿ.

ಮೂರನೆಯ ಪಿನ್ನು

ಎವಿ2 ಬಗೆಯ ಮೂರು ಪಿನ್ನಿನ ಅಡಾಪ್ಟರುಗಳಲ್ಲಿ ಹಲವು ಫೇಸ್ ಮತ್ತು ನ್ಯೂಟ್ರಲ್ ತಂತಿಗಳ ಜೊತೆಗೆ ಅರ್ಥ್ ತಂತಿಯನ್ನೂ ಸಂದೇಶಕ್ಕೆ ಬಳಸುತ್ತವೆ. ಎರಡು ದಾರಿ ಸಿಕ್ಕರೆ ವೇಗ ಹೆಚ್ಚು. ಆದರೆ ನಮ್ಮ ಹಳೆಯ ಮನೆಗಳಲ್ಲಿ ಅನೇಕ ಪಾಯಿಂಟುಗಳಿಗೆ ಮೂರು ತೂತಿದ್ದರೂ ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ವಿದೇಶದಿಂದ ನೆಂಟರು ತಂದುಕೊಟ್ಟ ಅಡಾಪ್ಟರನ್ನು ಪರಿವರ್ತಕ ಪ್ಲಗ್ಗಿನಲ್ಲಿ ಹಾಕಿದರೂ ಬಹಳ ಸಲ ಅರ್ಥ್ ತಪ್ಪಿಹೋಗುತ್ತದೆ. ಅಮೆರಿಕದಿಂದ ಬಂದದ್ದಾದರೆ ಇನ್ನೂ ಒಂದು ಎಚ್ಚರಿಕೆ: ಅಲ್ಲಿ ಮನೆಯ ಕರೆಂಟು 120 ವೋಲ್ಟ್. ಚೀಟಿಯ ಮೇಲೆ 240ರವರೆಗೆ ತಡೆದುಕೊಳ್ಳುತ್ತದೆ ಎಂದು ಬರೆದಿದ್ದರೆ ಮಾತ್ರ ಸಿಕ್ಕಿಸಿ.

ಅರ್ಥ್ ತಂತಿ ಇರುವುದು ಇಂಟರ್‌ನೆಟ್ಟಿಗಲ್ಲ, ಜೀವ ಕಾಪಾಡುವುದಕ್ಕೆ. ಫ್ರಿಜ್ಜನ್ನೋ ವಾಷಿಂಗ್ ಮೆಷಿನ್ನನ್ನೋ ಮುಟ್ಟಿದಾಗ ಜುಮ್ಮೆನ್ನುವ ಮನೆಯಲ್ಲಿ ನೆಟ್ ನಿಧಾನವಾಗಿರುವುದು ಎರಡನೆಯ ಚಿಂತೆ; ಮೊದಲನೆಯದು ಅರ್ಥಿಂಗ್. ಹಾಗೆಯೇ ಅಡಾಪ್ಟರ್ ಸಿಕ್ಕಿಸಿದ ಸಾಕೆಟ್ ಸಡಿಲವಾಗಿದ್ದರೆ, ಚಟಚಟ ಎಂದರೆ, ಬಿಸಿಯಾಗಿ ಕಂದಿದ್ದರೆ ವೇಗದ ಮಾತು ಬಿಟ್ಟು ಅದನ್ನು ಸರಿಪಡಿಸಿ. ಕಿಡಿ ಹಾರುವ ಸಡಿಲ ಗಂಟು ಪಾಠವನ್ನು ಕೆಡಿಸುವುದಷ್ಟೇ ಅಲ್ಲ, ಬೆಂಕಿಗೂ ಮೂಲವಾಗುತ್ತದೆ. ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ: ಸಿಕ್ಕಿಸುವುದು, ಕೀಳುವುದು, ಅಳೆಯುವುದು ನಿಮ್ಮ ಕೆಲಸ. ಸ್ವಿಚ್ ಬೋರ್ಡಿನ ತಿರುಪು ಬಿಚ್ಚುವುದು, ಪ್ಲಗ್ಗಿನ ಪಿನ್ನು ಮುರಿಯುವುದು, ತಂತಿ ತುರುಕುವುದು ಯಾವ ಕಾರಣಕ್ಕೂ ಇಲ್ಲ. ಅದಕ್ಕೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಬರಲಿ.

ಅಪಾರ್ಟ್‌ಮೆಂಟಿನವರು ಗಮನಿಸಿ

ಅಲೆ ಮೀಟರಿನ ಬಳಿ ನಿಂತುಬಿಡುತ್ತದೆಂಬ ಭರವಸೆಯಿಲ್ಲ. ಪಕ್ಕದ ಫ್ಲ್ಯಾಟಿಗೂ ಸೋರಬಹುದು. ಹೋಮ್‌ಪ್ಲಗ್ ಎವಿ ಮಾಹಿತಿಯನ್ನು ಗೂಢಲಿಪಿಯಲ್ಲೇ ಕಳಿಸುತ್ತದೆ, ನಿಜ. ಆದರೆ ಹೊಸ ಅಡಾಪ್ಟರುಗಳಿಗೆಲ್ಲ ಹುಟ್ಟಿನಿಂದ ಬರುವ ಗುಪ್ತಪದ ‘ಹೋಮ್‌ಪ್ಲಗ್‌ಎವಿ’ ಎಂಬುದೇ. ಊರಿಗೆಲ್ಲ ಒಂದೇ ಬೀಗದ ಕೈ ಹಂಚಿದಂತೆ! ಅಡಾಪ್ಟರಿನಲ್ಲಿ ‘ಪೇರ್’ ಎಂಬ ಗುಂಡಿ ಇರುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಒಂದರ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಇನ್ನೊಂದರದನ್ನೂ ಒತ್ತಿದರೆ ಅವೆರಡಕ್ಕೂ ಹೊಸ ಕೀಲಿ ಸಿದ್ಧವಾಗುತ್ತದೆ. ಪಕ್ಕದ ಮನೆಯವರೂ ಅಡಾಪ್ಟರು ಬಳಸುತ್ತಿದ್ದರೆ ಇಬ್ಬರ ಅಲೆಗಳೂ ಒಂದಕ್ಕೊಂದು ಅಡ್ಡ ಬಂದು ಸಂಜೆ ವೇಗ ಕುಸಿಯಬಹುದು. ಹೊತ್ತು ಬರೆದಿಟ್ಟ ನೋಟ್‌ಬುಕ್ ಇಲ್ಲಿ ನೆರವಿಗೆ ಬರುತ್ತದೆ.

ಹೆಚ್ಚುವರಿ ಅಡಾಪ್ಟರ್ ಕೊಳ್ಳುವವರು ಮೊದಲಿನದರ ಕುಲಗೋತ್ರ ನೋಡಿಕೊಳ್ಳಬೇಕು. ಎವಿ ಮತ್ತು ಎವಿ2 ಪರಸ್ಪರ ಮಾತಾಡಬಲ್ಲವು. ‘ಜಿ ಡಾಟ್ ಎಚ್‌ಎನ್’ ಎಂಬ ಇನ್ನೊಂದು ಬಗೆ ಈ ಮನೆತನದ್ದಲ್ಲ. ಇವುಗಳ ಜೊತೆ ಅದು ಮಾತೇ ಆಡುವುದಿಲ್ಲ.

ಇಷ್ಟಾದರೂ ಆಗದಿದ್ದರೆ

ಎಲ್ಲ ಮಾಡಿದ ಮೇಲೂ ಮೂರನೆಯ ಅಳತೆ ಮೇಲೇಳದಿದ್ದರೆ ನಿಮ್ಮ ಮನೆಯ ತಂತಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ ಎಂದು ಒಪ್ಪಿಕೊಳ್ಳುವುದೇ ಜಾಣತನ. ಆಗ 1200ರ ಜೋಡಿಗೆ ಸುರಿಯುವ ಹಣದಲ್ಲಿ ಒಂದು ಸಾದಾ ನೆಟ್‌ವರ್ಕ್ ಕೇಬಲನ್ನು ಕಿಟಕಿಯ ಅಂಚಿನಿಂದಲೋ ಮೆಟ್ಟಿಲ ಪಕ್ಕದಿಂದಲೋ ಮೇಲಕ್ಕೆ ಎಳೆಸಿ. ನೂರು ಮೀಟರಿನವರೆಗೆ ಅದು ಮಿಕ್ಸಿಗೂ ಬಗ್ಗುವುದಿಲ್ಲ, ಫೇಸಿಗೂ ಬಗ್ಗುವುದಿಲ್ಲ. ಆದರೆ ಕರೆಂಟಿನ ತಂತಿ ಇರುವ ಪೈಪಿನೊಳಗೆ ಅದನ್ನು ತೂರಿಸಬೇಡಿ. ಅದಕ್ಕೆ ಪ್ರತ್ಯೇಕ ದಾರಿ ಬೇಕು. ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಕೋಣೆಗೂ ಒಂದೊಂದು ಖಾಲಿ ಪೈಪು ಹಾಕಿಸಿಬಿಟ್ಟರೆ ಈ ಲೇಖನವನ್ನು ಓದುವ ಪ್ರಮೇಯವೇ ಬರುವುದಿಲ್ಲ.

ಒಂದು ಮಾತು ಹಿರಿಯರಿಗೆ. ಪಾಠ ನಿಂತಾಗ ಮಗುವನ್ನು ಗದರಿಸುವುದು ಸುಲಭ, ಅಂಗಡಿಗೆ ಓಡುವುದೂ ಸುಲಭ. ನೋಟ್‌ಬುಕ್ಕಿನ ಮೂರು ಅಂಕಿಗಳು ಎದುರಿಗಿದ್ದರೆ ಎರಡರ ಅಗತ್ಯವೂ ಇರುವುದಿಲ್ಲ. ಆಪ್ಷನ್ ಎಂಟ್ರಿಯ ಕೊನೆಯ ದಿನಕ್ಕೆ ಕಾಯದೆ, ಈ ಭಾನುವಾರವೇ ಅಳೆಯಲು ಕುಳಿತುಕೊಳ್ಳಿ. ಮಿಕ್ಸಿ ಹಾಕುವ ಮುನ್ನ ಮೇಲಿನವರಿಗೊಂದು ಕೂಗು ಹಾಕುವುದನ್ನು ಮರೆಯಬೇಡಿ.